ವೈನಿಯ ಗುರೆಳ್ಳಿನ ಡಬ್ಬಿ

ಹೋದ ವಾರ ಅಕ್ಕನ ಮಗಳು ಮುಂಡರಗಿಯಿಂದ ಬಂದವಳು, ಅಟ್ಟದ ಮೇಲಿರುವ ನಿನ್ನ ಬೆನ್ನುಚೀಲ ಬೇಕಾಗಿತ್ತು ಅಂದಳು. ಅಲ್ಲಿಯ ಆಸ್ಪತ್ರೆಯೊಂದರಲ್ಲಿ ಅವಳು ನರ್ಸ್. ಗೆಳತಿಯರ ಜತೆ ನೇಪಾಳಕ್ಕೆ ಚಾರಣ ಹೊರಟಿದ್ದಾಳೆ. ಸ್ಟೂಲು ಹಾಕಿ ಹತ್ತಿ ಚೀಲ ಇಳಿಸಿದೆ, ಧೂಳು ಕೊಡವಿದೆ, ಪಕ್ಕದ ಜೇಬಿನ ಜಿಪ್ ಎಳೆದೆ. ಗಪ್ಪನೆ ಗುರೆಳ್ಳು ಹಿಂಡಿಯ ವಾಸನೆ ಬಂತು. ಚಟ್ನಿಪುಡಿಗೆ ನಾವು ಹಿಂಡಿ ಅನ್ನುತ್ತೇವೆ, ಹುಚ್ಚೆಳ್ಳಿಗೆ ಗುರೆಳ್ಳು. ಹುರಿದ ಗುರೆಳ್ಳು, ಬೆಳ್ಳುಳ್ಳಿ, ಒಣಮೆಣಸಿನಕಾಯಿ... ಇಷ್ಟು ವರ್ಷವಾದರೂ ಅದರ ಎಣ್ಣೆ ಬಟ್ಟೆಯನ್ನು ಬಿಟ್ಟಿರಲಿಲ್ಲ.

"ಮೌಶಿ, ಇದನ್ನ ಒಮ್ಮೆ ತೊಳದ ಬಿಡತೀನಿ" ಅಂದಳು.

"ತೊಳಿಬ್ಯಾಡ" ಅಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು, ಹುಡುಗಿ ನನ್ನ ಮುಖ ನೋಡಿ ಚೀಲ ಕೆಳಗಿಟ್ಟಳು.

ಆ ಹಿಂಡಿ ಮಾಡಿದವರು ಬಾಜು ಮನೆಯ ವೈನಿ. ಬೆಟಗೇರಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ವೈನಿ ಅಂದರೆ ಅತ್ತಿಗೆ, ಆದರೆ ಸಂಬಂಧ ಏನೂ ಇರಲಿಲ್ಲ. ನಾನು ಮದುವೆಯಾಗಿ ಬಂದ ದಿನ ಅತ್ತೆ ಅವರನ್ನು ತೋರಿಸಿ "ಇವರಿಗೆ ವೈನಿ ಅನ್ನು" ಎಂದಿದ್ದರು, ನಾನು ಅಂದೆ, ಅಷ್ಟೇ. ಅವರ ಗಂಡ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಖಡಕ್ ರೊಟ್ಟಿ, ಹಿಂಡಿ ಮಾಡಿ ಗದಗಿನ ಖಾನಾವಳಿಗಳಿಗೆ ಕೊಡುತ್ತಿದ್ದರು. ನಸುಕಿನಲ್ಲಿ ಅವರು ರೊಟ್ಟಿ ಬಡಿಯುವ ಸದ್ದಿಗೇ ನಮ್ಮ ಮನೆ ಏಳುತ್ತಿತ್ತು. ನಾನು ಕಾಲೇಜೊಂದರ ಆಫೀಸಿನಲ್ಲಿ ಗುಮಾಸ್ತೆ. ಆ ಸದ್ದು ಕೇಳಿದರೂ ಮತ್ತೊಂದು ಸಲ ಹೊದ್ದು ಮಲಗುವ ಜಾತಿ ನನ್ನದು.

ಚಾರಣದ ಹುಚ್ಚು ಹಿಡಿದದ್ದು ನನಗಲ್ಲ, ಅವರಿಗೆ. ಸಂಜೆ ಕಟ್ಟೆಯ ಮೇಲೆ ಕುಳಿತು ನನ್ನ ಫೋನಿನಲ್ಲಿ ಏನೇನೋ ನೋಡುತ್ತಿದ್ದೆವು. ಒಂದು ದಿನ ನೇಪಾಳದ ಬೆಟ್ಟ ಹತ್ತಿದವರ ವಿಡಿಯೋ ಬಂತು. ನಮ್ಮಷ್ಟೇ ವಯಸ್ಸಿನ ಒಬ್ಬ ಹೆಂಗಸು ಹಿಮವನ್ನು ಎರಡೂ ಕೈಯಲ್ಲಿ ಎತ್ತಿ ಮುಖಕ್ಕೆ ಒತ್ತಿಕೊಂಡು ನಗುತ್ತಿದ್ದಳು. ವೈನಿ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು.

"ಒಲಿ ಮುಂದ ಕುಂತ ಕುಂತ ಈ ಮಾರಿ ಸುಟ್ಟ ಹೋಗೇತಿ" ಅಂದರು, ಕೆನ್ನೆ ಮುಟ್ಟಿಕೊಂಡು. "ಸಾಯೋದ್ರಾಗ ಒಮ್ಮೆ ಬರ್ಫಿನಾಗ ಮಾರಿ ಇಡಬೇಕ ನೋಡ ತಂಗಿ."

ತಮಾಷೆ ಅಂದುಕೊಂಡೆ. ಮರುದಿನ ರೊಟ್ಟಿ ಕೊಟ್ಟು ಬಂದವರೇ, ಯಾರ್ಯಾರು ಕರಕೊಂಡು ಹೋಗುತ್ತಾರೆ, ಫೋನು ಹಚ್ಚು ಅಂತ ಗಂಟುಬಿದ್ದರು. ನೇಪಾಳಕ್ಕೆ ಪಾಸ್‌ಪೋರ್ಟೂ ಬೇಕಿಲ್ಲ, ವೋಟರ್ ಕಾರ್ಡು ಸಾಕು ಎಂದು ಗೊತ್ತಾದ ಮೇಲಂತೂ ನನಗೆ ತಪ್ಪಿಸಿಕೊಳ್ಳುವ ದಾರಿಯೇ ಉಳಿಯಲಿಲ್ಲ. ನಾನೂ ಬರಬೇಕೆಂಬುದು ಅವರು ನನ್ನನ್ನು ಕೇಳದೇ ತೀರ್ಮಾನಿಸಿದ ವಿಷಯ. ನನ್ನ ಗಂಡ "ಹೋಗಿ ಬರ್ರಿ, ಇಬ್ರೂ ಒಂದಿಷ್ಟು ತೆಳ್ಳಗಾಗತೀರಿ" ಅಂದು ಪೇಪರಿನೊಳಗೆ ಮುಖ ಹಾಕಿದರು.

ಬೇರೆ ಬೇರೆ ಊರಿನ ಚಾರಣದ ಕಂಪನಿಗಳಿಗೆ ಫೋನು ಮಾಡಿದೆವು. ಒಂದು ಕಡೆಯ ಹುಡುಗ ವೈನಿಯ ವಯಸ್ಸು ಕೇಳಿದವನೇ, ಅಮ್ಮಾ ನೀವು ಕಾಶಿ ಟೂರು ಯಾಕೆ ನೋಡಬಾರದು ಅಂದ. ಫೋನು ಕಸಿದುಕೊಂಡು ನಾನೇ ಬೈದೆ. ಇನ್ನೊಂದು ಕಡೆಯವರದು ಅಗ್ಗ, ಆದರೆ ಹೊರೆ ನಾವೇ ಹೊರಬೇಕು. ವೈನಿ ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆ ಒಂದೇ. ಊಟ, ಹಾಸಿಗೆ, ವಿಮಾನ ಯಾವುದೂ ಅವರಿಗೆ ಬೇಕಿರಲಿಲ್ಲ. "ಹಿಂದ ಉಳದವ್ರನ್ನ ಏನ ಮಾಡತೀರಿ?" ಎಂದು ಕೇಳುತ್ತಿದ್ದರು. ಕೊನೆಗೆ ಬೆಳಗಾವಿಯ ಕಂಪನಿಯ ಹೆಣ್ಣುಮಗಳು ನಮ್ಮ ಮಾತಿನಲ್ಲೇ ಹೇಳಿದಳು. ಮುಂದೆ ಒಬ್ಬ ಗೈಡ್ ಇರುತ್ತಾನೆ, ಎಲ್ಲರಿಗಿಂತ ಹಿಂದೆ ಇನ್ನೊಬ್ಬ. ಆ ಹಿಂದಿನವನು ಯಾರನ್ನೂ ದಾಟಿ ಹೋಗುವುದಿಲ್ಲ; ಕೊನೆಯವರು ಕೂತರೆ ಅವನೂ ಕೂಡುತ್ತಾನೆ. ವೈನಿ ಫೋನನ್ನು ನನ್ನ ಕೈಗೆ ಕೊಟ್ಟು "ಇವರ ಕೂಡನ ಹೋಗೂಣು" ಅಂದರು. ಎರಡು ಮೂರು ದಾರಿಗಳ ಹೆಸರು ಹೇಳಿದಾಗ ಅನ್ನಪೂರ್ಣ ಬೇಸ್ ಕ್ಯಾಂಪ್ ಆರಿಸಿದರು. ಅನ್ನಪೂರ್ಣ ಅಂದಮೇಲೆ ಹಸಿದ ಹೊಟ್ಟೆಯಲ್ಲಂತೂ ಕಳಿಸುವುದಿಲ್ಲ ಎಂಬುದು ಅವರ ಲೆಕ್ಕ.

ಆಮೇಲೆ ಶುರುವಾಯಿತು ತಯಾರಿ. ಬೆನ್ನಿಗೆ ಭಾರ ರೂಢಿಯಾಗಬೇಕೆಂದು ಕಂಪನಿಯವರು ಹೇಳಿದ್ದರು. ಚೀಲದಲ್ಲಿ ಜೋಳ ತುಂಬಿಕೊಂಡು, ಸೀರೆಯ ಕೆಳಗೆ ದಪ್ಪ ಬೂಟು ಹಾಕಿಕೊಂಡು ವೈನಿ ಬೆಳಗ್ಗೆ ಓಣಿಯಲ್ಲಿ ಹೊರಟರೆ, ನಿಂತವರು ಕೂತವರು "ಗಿರಣಿಗೆ ಹೊಂಟೀರೇನ್ರಿ?" ಎಂದು ಕೇಳುತ್ತಿದ್ದರು. "ನೇಪಾಳಕ್ಕ" ಅನ್ನುತ್ತಿದ್ದರು ಇವರು, ನಿಲ್ಲದೆಯೇ. ರವಿವಾರ ಲಕ್ಕುಂಡಿಯ ಬಸ್ಸು ಹಿಡಿದು ಹೋಗಿ ಅಲ್ಲಿಯ ಹಳೆಯ ಬಾವಿಯೊಂದರ ಮೆಟ್ಟಿಲು ಇಳಿಯುವುದು, ಹತ್ತುವುದು, ಮತ್ತೆ ಇಳಿಯುವುದು. ದೇವಸ್ಥಾನ ನೋಡಲು ಬಂದವರೆಲ್ಲ ನಮ್ಮನ್ನೇ ನೋಡಿದರು. ನಾನು ಅರ್ಧಕ್ಕೇ ಕೂತುಬಿಡುತ್ತಿದ್ದೆ, ವೈನಿ ಮೇಲಿನಿಂದ "ಏಳ ಬೇ, ಅನ್ನಪೂರ್ಣಿ ಕರಿಯಾಕತ್ತಾಳ" ಎಂದು ಕೂಗುತ್ತಿದ್ದರು. ಅಷ್ಟು ನಕ್ಕದ್ದು ನಾನು ಆಮೇಲೆ ಯಾವತ್ತೂ ಇಲ್ಲ...

ಹೊರಡುವುದಕ್ಕೆ ಮೊದಲು ಒಮ್ಮೆ ಖರೇ ಗುಡ್ಡ ಹತ್ತಬೇಕೆಂದು ಡಂಬಳದ ಕಡೆಯ ಬಸ್ಸಿನಲ್ಲಿ ಕಪ್ಪತಗುಡ್ಡಕ್ಕೆ ಹೋದೆವು. ಅರ್ಧ ದಾರಿಯಲ್ಲಿ ಮಾತು ನಿಂತಿತು. ಹಿಂದೆ ತಿರುಗಿ ನೋಡಿದರೆ ವೈನಿ ಒಂದು ಬಂಡೆಯ ಮೇಲೆ ಕೂತು ಎದೆ ಹಿಡಿದುಕೊಂಡಿದ್ದರು. ಮುಖವೆಲ್ಲ ಬೆವರು. ಬಿಸಿಲೇನೂ ಇರಲಿಲ್ಲ, ಗಾಳಿ ಬೀಸುತ್ತಿತ್ತು. ನೀರು ಕುಡಿಸಿದೆ, ಬೆನ್ನು ನೀವಿದೆ. ಸ್ವಲ್ಪ ಹೊತ್ತಿಗೆ ಉಸಿರು ಸರಿಯಾಯಿತು.

"ಗ್ಯಾಸ ಆಗೇತಿ, ಮತ್ತೇನಿಲ್ಲ" ಅಂದರು. ಏಳುವ ಮೊದಲು ನನ್ನ ಮುಂಗೈ ಹಿಡಿದು, "ಯಾರ ಮುಂದೂ ಹೇಳಬ್ಯಾಡ" ಅಂದರು.

"ಆತು" ಅಂದೆ. ನಾನೇ ಅಂದೆ.

ಕಂಪನಿಗೆ ಡಾಕ್ಟರ ಸರ್ಟಿಫಿಕೇಟು ಬೇಕಿತ್ತು. ಗದಗಿನ ಒಬ್ಬ ಡಾಕ್ಟರ ಬಳಿ ಇಬ್ಬರೂ ಹೋದೆವು. ಬಿ.ಪಿ. ನೋಡಿದರು, ನಡೆಯುವಾಗ ಎದೆ ನೋವು, ದಮ್ಮು ಏನಾದರೂ ಬರುತ್ತದೆಯೇ ಎಂದು ಕೇಳಿದರು. "ಏನಿಲ್ರಿ ಸಾಹೇಬ್ರ, ಜೋಳ ಹೊತ್ತ ತಿರಗತೀನಿ" ಅಂದರು ವೈನಿ. ಡಾಕ್ಟರು ನಕ್ಕು ಪೆನ್ನು ತೆಗೆದರು. ವೈನಿ ನನ್ನ ಕಡೆ ನೋಡಲೇ ಇಲ್ಲ, ನೇರ ಆ ಪೆನ್ನನ್ನೇ ನೋಡುತ್ತಿದ್ದರು. ನನಗೆ ಏನಾಯಿತೋ... ಆ ಎತ್ತರದಲ್ಲಿ, ಆ ಚಳಿಯಲ್ಲಿ ಇವರು ಎದೆ ಹಿಡಿದು ಕೂತ ಹಾಗೆ ಕಣ್ಣಿಗೆ ಕಟ್ಟಿತು.

"ಸರ್, ಮೊನ್ನೆ ಗುಡ್ಡದಾಗ ಎದಿ ಹಿಡಕೊಂಡ ಕುಂತಿದ್ರು ಇವರು" ಅಂದುಬಿಟ್ಟೆ.

ಪೆನ್ನು ಕೆಳಗಿಳಿಯಿತು. ಇ.ಸಿ.ಜಿ. ಆಯಿತು, ಹುಬ್ಬಳ್ಳಿಗೆ ಹೋಗಿ ಇನ್ನೊಂದು ಪರೀಕ್ಷೆ ಆಯಿತು. ಹೃದಯದ ರಕ್ತನಾಳವೊಂದು ಕಟ್ಟಿಕೊಂಡಿದೆ, ಗುಳಿಗೆ ತಪ್ಪಿಸಬೇಡಿ, ಬೆಟ್ಟದ ಮಾತು ಬಿಟ್ಟುಬಿಡಿ ಅಂದರು. ವಾಪಸು ಬರುವ ಬಸ್ಸಿನಲ್ಲಿ ವೈನಿ ಕಿಟಕಿ ಕಡೆ ಕೂತಿದ್ದರು. ಅಣ್ಣಿಗೇರಿ ದಾಟುವ ತನಕ ಬೈಯಲಿ ಎಂದು ಕಾದೆ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಅವರು ಸಂಚಿಯಿಂದ ಎಲೆ ತೆಗೆದು ನನಗೊಂದು ಮಡಚಿ ಕೊಟ್ಟರು.

ನಾನೂ ಹೋಗುವುದಿಲ್ಲ ಅಂದೆ. ಹಟ ಹಿಡಿದೆ. "ನೀ ಹೋಗಲಿಲ್ಲ ಅಂದ್ರ ನಾ ಎರಡ ಸಲ ಹೋಗಲಾರದಂಗ ಆಕ್ಕೈತಿ" ಅಂದರು. ಬೇಕಿಲ್ಲದವಳು ಹೊರಟೆ, ಬೇಕಾದವರು ಮನೆಯಲ್ಲಿ ಉಳಿದರು. ಹೊರಡುವ ದಿನ ಕಟ್ಟೆಯ ಮೇಲೆ ನಿಂತು ರೊಟ್ಟಿಯ ಗಂಟು, ಗುರೆಳ್ಳು ಹಿಂಡಿ ತುಂಬಿದ ಸ್ಟೀಲಿನ ಡಬ್ಬಿ ಕೊಟ್ಟರು. ನಮ್ಮ ಓಣಿಯಲ್ಲಿ ಯಾರೂ ನೆರೆಮನೆಯ ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ.

"ಖಾಲಿ ಕೊಡಬ್ಯಾಡ ಮತ್ತ" ಅಂದರು ವೈನಿ. "ಬರ್ಫ ತುಂಬಿಕೊಂಡ ಬಾ. ನೀರಾಗಿ ಬಂದ್ರೂ ಆತು, ಮಾರಿಗೆ ಹಚಿಗೋತೀನಿ."

ದಾರಿಯಲ್ಲಿ ಆ ಹಿಂಡಿಯನ್ನು ನಮ್ಮ ಗುಂಪಿನ ಪುಣೆಯವರು, ಕೊಲ್ಲಾಪುರದವರು, ಗೈಡ್ ಎಲ್ಲರೂ ತಿಂದು ಮುಗಿಸಿದರು. ಹಿಂದಿನ ಗೈಡ್ ಒಬ್ಬ ಮೆತ್ತಗಿನ ನೇಪಾಳಿ ಮನುಷ್ಯ. ದಿನವೂ ಕೊನೆಗೆ ಉಳಿಯುತ್ತಿದ್ದವಳು ನಾನೇ. ನಾನು ಕೂತರೆ ಅವನೂ ಕೂಡುತ್ತಿದ್ದ, ಒಂದು ದಿನವೂ ಬೇಸರ ತೋರಿಸಲಿಲ್ಲ. ಅವನನ್ನು ನೋಡಿದಾಗೆಲ್ಲ, ಇವನು ವೈನಿ ಆರಿಸಿದ ಮನುಷ್ಯ ಎಂದು ಸಂಕಟವಾಗುತ್ತಿತ್ತು.

ಕಡೆಗೆ ಹಿಮ ಸಿಕ್ಕಿತು. ಮೊಣಕಾಲೂರಿ ಕೂತು ಅದರಲ್ಲಿ ಮುಖ ಇಟ್ಟೆ. ವೈನಿಯ ಸಲುವಾಗಿ ಎಂದುಕೊಂಡೇ ಇಟ್ಟದ್ದು. ಆದರೆ ನಿಜ ಹೇಳಬೇಕೆಂದರೆ, ಅದು ಎಷ್ಟು ಹಿತವಾಯಿತೆಂದರೆ ಆ ಹೊತ್ತಿನಲ್ಲಿ ವೈನಿ ನೆನಪಿಗೇ ಬರಲಿಲ್ಲ. ಎದ್ದು, ನಕ್ಕು, ಫೋಟೋ ತೆಗೆಸಿಕೊಂಡು, ಬಿಸಿ ಚಹಾ ಕುಡಿದ ಮೇಲೆ ಡಬ್ಬಿ ನೆನಪಾಯಿತು. ಓಡಿಹೋಗಿ ತುಂಬಿ, ಮುಚ್ಚಳ ಒತ್ತಿ ಚೀಲದ ಪಕ್ಕದ ಜೇಬಿಗೆ ಹಾಕಿದೆ. ಕಠ್ಮಂಡುವಿಗೆ ಇಳಿದು ಬಂದು ನೋಡಿದರೆ ಚೀಲದ ಬಟ್ಟೆಯೆಲ್ಲ ಒದ್ದೆ. ಡಬ್ಬಿಯ ತಳದಲ್ಲಿ ಒಂದು ಗುಟುಕೂ ಇರಲಿಲ್ಲ.

ಗಡಿ ದಾಟಿ ಹಿಡಿದ ಮೂರು ದಿನದ ರೈಲಿನಲ್ಲಿ ಹೇಗೆ ಹೇಳಲಿ ಎಂದು ಯೋಚಿಸುತ್ತಲೇ ಬಂದೆ. ಮನೆಯ ಮುಂದೆ ಆಟೋ ನಿಂತಾಗ ವೈನಿ ಕಟ್ಟೆಯ ಮೇಲಿದ್ದರು. ತಲೆ ಬಾಚಿ, ಪೆಟ್ಟಿಗೆಯಲ್ಲಿನ ಇಳಕಲ್ ಸೀರೆ ಉಟ್ಟಿದ್ದರು. ಅದನ್ನು ನೋಡಿ ಸತ್ಯ ಹೇಳುವ ಧೈರ್ಯ ನನಗೆ ಉಳಿಯಲಿಲ್ಲ. ಒಮ್ಮೆ ಖರೆ ಹೇಳಿ ಅವರ ಕೈಯಿಂದ ಎಲ್ಲ ಕಸಿದುಕೊಂಡಿದ್ದೆ. ಈ ಸಲ ಸುಳ್ಳು ಹೇಳಿದರೆ ಸ್ವಲ್ಪವಾದರೂ ತಿರುಗಿ ಕೊಟ್ಟ ಹಾಗಾಗುತ್ತದೆ ಅಂದುಕೊಂಡೆ. ಸ್ನಾನ ಮಾಡಿ ಬರುತ್ತೇನೆ ವೈನಿ ಎಂದು ಒಳಗೆ ಹೋದವಳೇ, ಬ್ಯಾರಲ್ಲಿನಲ್ಲಿ ಹಿಡಿದಿಟ್ಟ ನಳದ ನೀರು ಡಬ್ಬಿಗೆ ತುಂಬಿದೆ. ಸಾಲದ್ದಕ್ಕೆ ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಮಾಡಿದೆ. ರೈಲಿನ ಸೆಕೆಯಲ್ಲಿ ಮೂರು ದಿನ ಬಂದ ನೀರು ತಣ್ಣಗೆ ಹೇಗಿರುತ್ತದೆ ಎಂಬಷ್ಟು ಬುದ್ಧಿಯೂ ನನಗಿರಲಿಲ್ಲ.

ನಮ್ಮ ಗದಗ-ಬೆಟಗೇರಿಯ ನಳದ ನೀರು ಗೊತ್ತಲ್ಲ. ಎಷ್ಟೋ ದಿನಕ್ಕೊಮ್ಮೆ ಬರುತ್ತದೆ, ಬಂದಾಗ ಬ್ಲೀಚಿಂಗ್ ಪೌಡರಿನ ವಾಸನೆ ಹೊತ್ತೇ ಬರುತ್ತದೆ. ಇಲ್ಲಿ ಹುಟ್ಟಿದ ಕೂಸಿಗೂ ಆ ವಾಸನೆ ಗುರುತು.

ವೈನಿ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಬೊಗಸೆಗೆ ನೀರು ಸುರಿದುಕೊಂಡು ಮುಖದ ಹತ್ತಿರ ಒಯ್ದರು. ಒಂದು ಗಳಿಗೆ ಹಾಗೇ ನಿಂತರು. ಆಮೇಲೆ ಕಣ್ಣು ಮುಚ್ಚಿ ಕೆನ್ನೆಗೆ, ಹಣೆಗೆ ಹಚ್ಚಿಕೊಂಡರು, ಉಳಿದ ಹನಿಯನ್ನು ತೀರ್ಥದ ಹಾಗೆ ತಲೆಗೆ ಸವರಿದರು. ನಾನು ನೆಲ ನೋಡುತ್ತಾ ನಿಂತಿದ್ದೆ.

"ಮೊನ್ನೆ ನಮ್ಮ ಓಣಿಗೂ ನೀರ ಬಂದಿತ್ತು" ಅಂದರು. ದನಿಯಲ್ಲಿ ಏನೂ ಇರಲಿಲ್ಲ. "ಕುಂಡ್ರು, ದಣದ ಬಂದೀದಿ. ಚಾ ಮಾಡತೀನಿ."

ಅವರಿಗೆ ಗೊತ್ತಾಗಿತ್ತು. ನನಗೆ ಗೊತ್ತಾಯಿತು ಎಂಬುದೂ ಅವರಿಗೆ ಗೊತ್ತಾಗಿತ್ತು. ಚಹಾ ಕುಡಿದೆವು. ಗೈಡ್ ಹೇಗಿದ್ದ ಎಂದು ಕೇಳಿದರು, ಹಿಮ ಮುಖಕ್ಕೆ ಹೇಗನ್ನಿಸಿತು ಎಂದು ಕೇಳಿದರು. ಹೇಳಿದೆ. ಚೆನ್ನಾಗಿತ್ತು ಅಂತ ಮಾತ್ರ ಹೇಳಿದೆ. ನೀರಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಬಹುದಿತ್ತು. ದಿನಾ ಒಂದೇ ಕಟ್ಟೆಯ ಮೇಲೆ ಕೂಡುತ್ತಿದ್ದೆವು...

ಎರಡು ವರ್ಷ ಬದುಕಿದರು ಆಮೇಲೆ. ಒಂದು ಬೆಳಗ್ಗೆ ರೊಟ್ಟಿ ಬಡಿಯುವ ಸದ್ದು ಬರಲಿಲ್ಲ. ರೊಟ್ಟಿಯ ಹಂಚು ಒಲೆಯ ಮೇಲೆ ಕಾದು ಕೆಂಪಾಗಿತ್ತು, ಪಕ್ಕದಲ್ಲಿ ಅವರು ಒರಗಿಕೊಂಡಿದ್ದರು. ಲಕ್ಷ್ಮೇಶ್ವರದಿಂದ ಬಂದ ಅವರ ತಮ್ಮನ ಮಗ ನನ್ನ ಮುಂದೆ ಕೈಮುಗಿದು, ನೀವು ಅವತ್ತು ಡಾಕ್ಟರ ಮುಂದೆ ಹೇಳಿದ್ದಕ್ಕೇ ಅತ್ತಿ ಇಷ್ಟು ದಿನ ಇದ್ದಳು ಅಂದ. ಎಲ್ಲರೂ ಹಾಗೇ ಅಂದರು. ಇರಬಹುದು. ಹೇಳದೇ ಇದ್ದು ಅಲ್ಲಿ ಏನಾದರೂ ಆಗಿದ್ದರೆ ಇವತ್ತು ನಾನು ಈ ಮಾತನ್ನೂ ಬರೆಯುತ್ತಿರಲಿಲ್ಲ. ಆದರೂ ಅವರು ತೀರಿಕೊಂಡದ್ದು ಅದೇ ಒಲೆಯ ಮುಂದೆ, ಅದೇ ಝಳದಲ್ಲಿ. ಮಾಡಿದ್ದು ಸರಿ ಎಂದು ಎಷ್ಟು ಹೇಳಿಕೊಂಡರೂ ನನ್ನ ಮನಸ್ಸು ಒಪ್ಪುವುದಿಲ್ಲ.

ಆ ಸ್ಟೀಲಿನ ಡಬ್ಬಿ ಆಗ ನಮ್ಮ ಮನೆಯಲ್ಲೇ ಇತ್ತು. ತೀರಿಕೊಳ್ಳುವ ಮುಂಚಿನ ವಾರ ಅದರ ತುಂಬ ಹಿಂಡಿ ಮಾಡಿ ಕೊಟ್ಟಿದ್ದರು. ತಿಂದು ಮುಗಿಸಿದೆ. ತಿರುಗಿ ಕೊಡಬೇಕಾಗಿತ್ತು.

ಮೊನ್ನೆ ಅಕ್ಕನ ಮಗಳಿಗೆಂದು ನಾನೇ ಗುರೆಳ್ಳು ಹುರಿದು ಕುಟ್ಟಿದೆ. ವೈನಿಯ ಕೈಯ ರುಚಿ ಬರಲಿಲ್ಲ, ಬೆಳ್ಳುಳ್ಳಿ ಹೆಚ್ಚಾಯಿತೇನೋ. ಅದೇ ಡಬ್ಬಿಗೆ ತುಂಬಿ ಚೀಲದ ಅದೇ ಜೇಬಿಗೆ ಹಾಕಿದೆ.

"ಬರೂವಾಗ ಇದ್ರಾಗ ಏನ ತರ್ಲಿ ಮೌಶಿ?" ಎಂದು ಕೇಳಿದಳು. ಅವಳಿಗೂ ನಮ್ಮ ಪದ್ಧತಿ ಗೊತ್ತು.

"ಖಾಲಿ ಆದ್ರ ಖಾಲೀನ ತಾ" ಅಂದೆ. "ಇಲ್ಲಿ ಬಂದು ನಳದಾಗ ಮಾತ್ರ ತುಂಬಬ್ಯಾಡ."

ಹುಡುಗಿಗೆ ಅರ್ಥವಾಗಲಿಲ್ಲ. ನಕ್ಕು, ಚೀಲ ಹೆಗಲಿಗೇರಿಸಿ ಬಸ್ಸಿಗೆ ಹೊತ್ತಾಯಿತೆಂದು ಹೊರಟಳು. ನಾನು ಕಟ್ಟೆಯ ತನಕ ಹೋಗಿ ನಿಂತೆ. ಅವಳು ಡಬ್ಬಿ ವಾಪಸು ತರುತ್ತಾಳೆ, ತೊಳೆದು ಕೊಡುತ್ತಾಳೆ. ಅದನ್ನು ತಿರುಗಿ ಕೊಡಬೇಕಾದ ಮನೆಯಲ್ಲಿ ಈಗ ಬೇರೆಯವರು ಬಾಡಿಗೆಗೆ ಇದ್ದಾರೆ.