ಒಳಗೆ ಯಾರಿದ್ದೀರಿ?

ಕರಿಯಪ್ಪ ಇಪ್ಪತ್ತೆರಡು ವರ್ಷ ಹುಡುಕಿದ. ಏನು ಕಳೆದುಕೊಂಡಿದ್ದ ಎಂದು ಕೇಳಬೇಡಿ, ಅವನಿಗೂ ಗೊತ್ತಿರಲಿಲ್ಲ. ಪಿರಿಯಾಪಟ್ಟಣದ ಪಕ್ಕದಲ್ಲಿ ಮೂರೆಕರೆ ಹೊಗೆಸೊಪ್ಪು, ಮನೆ ಹಿಂದೆ ಸೊಪ್ಪನ್ನು ಕಾವಿನಲ್ಲಿ ಬೇಯಿಸಿ ಒಣಗಿಸುವ ಎತ್ತರದ ಗೂಡು, ಅಂದರೆ ಬ್ಯಾರನ್ನು, ಬಾಯಿ ಜೋರಿದ್ದರೂ ಕೈ ಚುರುಕಿನ ಹೆಂಡತಿ ಸುನಂದಮ್ಮ. ಇನ್ನೇನು ಬೇಕಿತ್ತು ಹೇಳಿ? ಆದರೂ ಭೇರ್ಯದ ಕಡೆ ತತ್ವಪದದ ಭಜನೆ ಎಂದರೆ ಓಡುತ್ತಿದ್ದ. ಬೈಲಕುಪ್ಪೆಗೆ ಹೋಗಿ ಟಿಬೆಟಿನವರ ಅರ್ಥವಾಗದ ಮಂತ್ರಕ್ಕೂ ಕಣ್ಣು ಮುಚ್ಚಿ ಕೂತು ಬರುತ್ತಿದ್ದ.

"ಹುಡುಕಿ ಹುಡುಕಿ. ಸಿಕ್ಕುದ್ರೆ ನಂಗೂ ಒಂಚೂರು ಮಡಗಿ," ಎಂದು ಸುನಂದಮ್ಮ ನಗುತ್ತಿದ್ದಳು.

ಈ ಸಲದ ಆಷಾಢದಲ್ಲಿ ಎಚ್.ಡಿ. ಕೋಟೆಯಲ್ಲಿ ಒಬ್ಬ ಸ್ವಾಮಿ ಸಿಕ್ಕ. ಎರಡೆಂಬುದೇ ಇಲ್ಲ, ಇರುವುದೊಂದೇ ಎಂದ. "ಒಳಗೆ ಯಾರಿದ್ದಾರೆ ಅಂತ ಕೇಳ್ಕೊ. ಯಾರೂ ಇಲ್ಲ ಅಂತ ತಿಳಿದ ದಿನ ಹುಡುಕೋದ ಬುಡು. ಅಲ್ಲಿಗೆ ಮುಗೀತು."

ಕರಿಯಪ್ಪ ಅದನ್ನೇ ಹಿಡಿದುಕೊಂಡ. ಹಲ್ಲುಜ್ಜುವಾಗ ಒಳಗೆ ಯಾರು, ಮುದ್ದೆ ನುಂಗುವಾಗ ಒಳಗೆ ಯಾರು. ಕರೆದರೆ ಓಗೊಡುವುದು ನಿಂತಿತು. ಸುನಂದಮ್ಮನ ನಗೆಯೂ ನಿಂತಿತು. ಮೊದಲು ಕಾಣದ ದೇವರನ್ನು ಹುಡುಕುತ್ತಿದ್ದವನು ಈಗ ಎದುರಿಗಿದ್ದ ಹೆಂಡತಿಯನ್ನೇ ಕಾಣುತ್ತಿರಲಿಲ್ಲ. ಅವಳಿಗೆ ಹೆದರಿಕೆಯಾಯಿತು.

ಅವರ ಮನೆತನದಲ್ಲಿ ಬ್ಯಾರನ್ನಿಗೊಂದು ಕಟ್ಟಳೆ ಇತ್ತು. ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಸೂರಿನವರೆಗೂ ಸಾಲುಸಾಲಾಗಿ ತೂಗುಹಾಕಿರುತ್ತಾರೆ. ಅದರ ನಡುವೆ ಆಳಿದ್ದರೂ ಕಾಣದು. ಅದಕ್ಕೇ ಬಾಗಿಲು ಹಾಕುವವನು ಮೂರು ಸಲ "ಒಳಗೆ ಯಾರಿದ್ದೀರಿ?" ಎಂದು ಕೂಗಬೇಕು. ಪ್ರತಿ ಸಲವೂ ಕಿವಿಗೊಟ್ಟು ನಿಲ್ಲಬೇಕು. ಆಮೇಲೆ ಚಿಲಕ, ಆಮೇಲೆ ಬೆಂಕಿ. ಅಪ್ಪ ಕಲಿಸಿದ್ದನ್ನು ಕರಿಯಪ್ಪ ಒಮ್ಮೆಯೂ ತಪ್ಪಿಸಿರಲಿಲ್ಲ.

ಆ ಸೋಮವಾರ ಮಧ್ಯಾಹ್ನ ಆಳುಗಳು ಊಟಕ್ಕೆ ಹೋಗಿದ್ದರು. "ಮ್ಯಾಲಿನ ಸಾಲಲ್ಲಿ ನಾಕು ಕಡ್ಡಿ ಜರುಗವೆ, ಹತ್ತಿ ಸರಿ ಮಾಡ್ತೀನಿ. ನಾನ್ ಬರೋಗಂಟ ಬಾಗ್ಲಾಕ್ಬೇಡಿ ಕಣ್ರೀ," ಎಂದಳು ಸುನಂದಮ್ಮ.

"ಹೂಂ" ಎಂದ. ಹೂಂ ಅಂದದ್ದು ಬಾಯಿ. ಕಿವಿ ಊರಲ್ಲೇ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದು ಕೂಗಿದ. "ಒಳಗೆ ಯಾರಿದ್ದೀರಿ?"

ದನಿ ಸೊಪ್ಪಿನೊಳಗೆ ಇಂಗಿಹೋಯಿತು. ಮಾರುತ್ತರವಿಲ್ಲ. ಕರಿಯಪ್ಪನಿಗೆ ಮೈ ಜುಮ್ಮೆಂದಿತು. ಮೂವತ್ತು ವರ್ಷದಿಂದ ತಾನು ಕೂಗುತ್ತಿದ್ದುದೂ ಸ್ವಾಮಿ ಕೇಳಿದ್ದೂ ಒಂದೇ ಮಾತಲ್ಲವೇ! "ಯಾರೂ ಇಲ್ಲ," ಎಂದ ಮೆಲ್ಲಗೆ. ಕಣ್ಣಲ್ಲಿ ನೀರು ಬಂತು. ಎರಡನೆಯ ಕೂಗು, ಮೂರನೆಯ ಕೂಗು ಮರೆತೇಹೋದವು. ಚಿಲಕ ಹಾಕಿ ಹೊರಗಿನ ಒಲೆಗೆ ಬೆಂಕಿ ಕೊಟ್ಟು ಎದುರಿನ ಕಲ್ಲಿನ ಮೇಲೆ ಕೂತ. ಇನ್ನು ಹುಡುಕುವುದೇನೂ ಉಳಿದಿರಲಿಲ್ಲ.

ಬೆಂಕಿ ಚೆನ್ನಾಗಿ ಹತ್ತಿದ ಮೇಲೆ ಡಬ್ ಡಬ್ ಎಂದು ಸದ್ದು ಕೇಳಿತು. ಪಕ್ವವಾದವನಿಗೆ ಎದೆಯೊಳಗೆ ಮದ್ದಳೆ ಕೇಳುತ್ತದೆ ಎಂದು ಭಜನೆಯವರು ಹೇಳಿದ್ದರು. ಕರಿಯಪ್ಪ ನಸುನಕ್ಕ. ಅಯ್ಯೋ ಪಾಪಿ, ನಕ್ಕು ಇನ್ನೊಂದು ಕೊರಡು ಒಲೆಗೆ ನೂಕಿದ! ಸದ್ದು ನಿಧಾನವಾಯಿತು. ಕಣ್ಣು ಮುಚ್ಚಿ ಕೇಳಿಸಿಕೊಂಡ. ಆಮೇಲೆ ನಿಂತೇಹೋಯಿತು.

ಕಣ್ಣು ಬಿಟ್ಟಾಗ ಬಾಗಿಲ ಪಕ್ಕ ಅವಳ ಚಪ್ಪಲಿ ಕಂಡವು. ನೀಲಿ ಹವಾಯಿ, ಒಂದರ ಪಟ್ಟಿಗೆ ಪಿನ್ನು ಚುಚ್ಚಿತ್ತು. ಎರಡೂ ಅಲ್ಲೇ ಇದ್ದವು.

ಓಡಿಹೋಗಿ ಚಿಲಕ ಎಳೆದ. ಬಾಗಿಲು ತೆರೆದದ್ದೇ ಬಿಸಿಗಾಳಿಯ ಜತೆ ಸುನಂದಮ್ಮ ಅವನ ಕಾಲ ಮೇಲೆ ಬಿದ್ದಳು. ಉಸಿರಿತ್ತು.

ಆಸ್ಪತ್ರೆಯಲ್ಲಿ ಐದನೆಯ ದಿನ ಅವಳು ಗೋಡೆ ನೋಡುತ್ತ ಹೇಳಿದಳು: "ಹಸಿ ಸೊಪ್ಪಿನ ನಂಜು ತಲೆಗೇರಿತ್ತು. ನೀವ್ ಕೂಗಿದ್ದು ಕೇಳುಸ್ತು, ನಾಲ್ಗೆ ಏಳ್ನಿಲ್ಲ. ಇನ್ನೊಂದ್ಸಲ ಕೂಗ್ತಾರೆ ಅಂತ ಕಾದೆ. ಕಾವೇರುದ್ಮ್ಯಾಲೆ ಹೆಂಗೋ ಇಳ್ದು ಬಾಗ್ಲು ಬಡ್ದೆ. ಒಳ್ಗೆ ನಾನಿದ್ದೆ ಕಣ್ರೀ."

ಮತ್ತೆ ಬ್ಯಾರನ್ನು ತುಂಬಿದ ದಿನ ಕರಿಯಪ್ಪ ಮೂರು ಸಲವಲ್ಲ, ಹತ್ತು ಸಲ ಕೂಗಿದ. ಸುನಂದಮ್ಮ ಅಂಗಳದಲ್ಲಿ, ಅವನ ಬೆನ್ನ ಹಿಂದೆಯೇ ನಿಂತಿದ್ದಳು.

"ಕೂಗುದ್ರೆ ಸಾಲ್ದು, ಹತ್ತಿ," ಎಂದಳು.

ಅವನು ಹತ್ತಿದ. ಸಾಲುಸಾಲಿನ ಸೊಪ್ಪು ಸರಿಸಿ ನೋಡಿ, ಯಾರೂ ಇಲ್ಲವೆಂದು ಇಳಿಯಲು ಹೊರಟ.

"ಇನ್ನೂ ಮ್ಯಾಲೆ," ಎಂದಳು ಕೆಳಗೆ ಬಾಗಿಲಲ್ಲಿ ನಿಂತು. "ಹುಡುಕಿ." ಅವಳು ನಗುತ್ತಿರಲಿಲ್ಲ, ಕೈ ಚಿಲಕದ ಮೇಲಿತ್ತು.