ಹಿಂದುಹಿಂದಕ್ಕೆ ನಡೆಯುವ ದೀಪದಕ್ಕ

ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಗುಹೆಯನ್ನು ತೋರಿಸುವ ಹೆಂಗಸನ್ನು ಊರೆಲ್ಲ ದೀಪದಕ್ಕ ಎನ್ನುತ್ತದೆ. ಗುಹೆಯೊಳಗೆ ಆಕೆ ದೀಪ ಹಿಡಿದು ನಡೆಯುವುದು ಹಿಂದುಹಿಂದಕ್ಕೆ. ಮುಂದೆ ಮುಖ ಮಾಡಿ ನಡೆದರೆ ಬೆಳಕು ತನ್ನ ಕಾಲಿಗೆ, ನೆರಳು ಬಂದವರ ಕಾಲಿಗೆ ಬೀಳುತ್ತದೆ ಎಂಬುದು ಆಕೆಯ ವಾದ. ಆಕೆಯ ಜೊತೆ ಹೋದವರು ಯಾರೂ ಇದುವರೆಗೆ ಜಾರಿ ಬಿದ್ದಿಲ್ಲವಂತೆ.

"ನನ್ನ ಮುಖದಲ್ಲೇನಿದೆ? ಕೆಳಗೆ ನೋಡ್ಕೊಂಡು ಬನ್ನಿ," ಎಂದು ಮೊದಲ ತಿರುವಿನಲ್ಲೇ ನನ್ನನ್ನು ಗದರಿಸಿದರು. ತಾವು ಮಾತ್ರ ಬೆನ್ನಿಗೆ ಕಣ್ಣಿದ್ದವರಂತೆ ಒದ್ದೆ ಬಂಡೆಗಳ ನಡುವೆ ಸಲೀಸಾಗಿ ಸರಿಯುತ್ತಿದ್ದರು. "ಅಮ್ಮ ಮನೆ ಮೆಟ್ಟಿಲನ್ನೂ ಹಿಂಗೇ ಇಳೀತಾಳೆ," ಎಂದು ಗುಹೆಯ ಬಾಗಿಲಲ್ಲಿ ಟಿಕೆಟ್ ಕೊಡುವ ಆಕೆಯ ಮಗಳು ನಗುತ್ತಾ ಹೇಳಿದ್ದು ಸುಳ್ಳಿರಲಾರದು ಎನಿಸಿತು.

ಕೊನೆಯ ದೊಡ್ಡ ಕೋಣೆಯಲ್ಲಿ ಆಕೆ ದೀಪ ಎತ್ತಿ ಹಿಡಿದರು. ಚಾವಣಿಯ ತುಂಬ ಬಿಳಿ ಕಲ್ಲು ಕರಗಿದ ಮೇಣದ ಹಾಗೆ ಇಳಿಬಿದ್ದಿತ್ತು. ನಾನು ತಲೆಯೆತ್ತಿ, ಬಾಯಿ ತೆರೆದು ನಿಂತೇಬಿಟ್ಟೆ. ಆಕೆ ನೋಡುತ್ತಿದ್ದುದು ನನ್ನನ್ನು.

"ನೀವು ಮೇಲೆ ನೋಡಲ್ವಾ ಅಕ್ಕಾ?"

"ಕಲ್ಲು ಎಲ್ಲಿಗೆ ಹೋಗುತ್ತೆ? ಇಲ್ಲಿಗೆ ಬಂದಾಗ ಅರಳೋ ಮುಖ ಮಾತ್ರ ದಿನಾ ಬೇರೆ. ಅದನ್ನ ನೋಡೋಕೇ ನಾನು ಬರೋದು," ಎಂದರು. ಮರುಕ್ಷಣವೇ ದನಿ ಗಡುಸಾಯಿತು: "ಈಗ ಬಾಯಿ ಮುಚ್ಕೊಳ್ಳಿ. ಮೇಲೆ ಬಾವಲಿ ಇವೆ."