ಮಾವನ ಕ್ಲಚ್ಚು

ಕಾರು ಇದ್ದವರನ್ನು ಕಂಡು ಹೊಟ್ಟೆಕಿಚ್ಚು ಪಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಹೊಟ್ಟೆಕಿಚ್ಚು ಪಟ್ಟದ್ದು ಒಂದು ಎಡಗಾಲನ್ನು ಕಂಡು. ಅದು ನನ್ನ ಸೋದರಮಾವನ ಎಡಗಾಲು. ನಗಬೇಡಿ. ಮೂಡಬಿದಿರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ, ಮೂವತ್ತು ದಾಟಿದ ಗಂಡಸು ನಾನು, ಊಟಕ್ಕೆ ಕೂತಾಗ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿದ ಮಾವನ ಮೀನಖಂಡವನ್ನು ಓರೆಗಣ್ಣಿನಲ್ಲಿ ಅಳೆದು, ನನ್ನದರ ಮೇಲೆ ಮುಂಡನ್ನು ಎಳೆದುಕೊಳ್ಳುತ್ತಿದ್ದೆ.

ಇದಕ್ಕೆಲ್ಲ ಕಾರಣ ನಮ್ಮ ಬೆಳುವಾಯಿಯ ಮನೆಯ ಕಾರು. ದೇಶ ಬಿಟ್ಟು ಹೋಗುತ್ತಿದ್ದ ಒಬ್ಬ ಬಿಳಿಯ ದೊರೆಯಿಂದ ಮಾವ ಅದನ್ನು ಕೊಂಡಿದ್ದರು. ಮೈಯೆಲ್ಲ ಕಪ್ಪು, ಹೊಟ್ಟೆಯೊಳಗೆಲ್ಲ ಮುಪ್ಪು. ಅದರ ಕ್ಲಚ್ಚು, ಅಂದರೆ ಗೇರು ಬದಲಿಸುವ ಮೊದಲು ಎಡಗಾಲಿನಲ್ಲಿ ಒತ್ತಬೇಕಾದ ಪೆಡಲು, ಒಂದು ಪೆಡಲಿನ ಹಾಗೆ ಇರಲೇ ಇಲ್ಲ. ಗೋಡೆಯನ್ನು ಒದ್ದು ಹಿಂದೆ ತಳ್ಳಲು ಹೊರಟ ಹಾಗೆ ಆಗುತ್ತಿತ್ತು. ನಾನು ಒತ್ತಿದರೆ ಪೆಡಲು ಅಲ್ಲೇ ಇರುತ್ತಿತ್ತು, ಸೀಟಿನ ಸಮೇತ ನಾನು ಹಿಂದೆ ಹೋಗುತ್ತಿದ್ದೆ. ಮಾವ ಮಾತ್ರ ಹಲ್ಲು ಕಚ್ಚಿ, 'ಹೂಂ' ಎಂದು ಒಮ್ಮೆ ಗುಟುರು ಹಾಕಿ ಒತ್ತಿಬಿಡುತ್ತಿದ್ದರು. ಆ ಗುಟುರು ಕೇಳಿದ ಮೇಲೆಯೇ ಊರಿಗೆ ಗೊತ್ತಾಗುತ್ತಿದ್ದುದು, ಧನಿಗಳ ಕಾರು ಹೊರಟಿತು ಎಂದು.

"ಈ ಕ್ಲಚ್ಚು ಒತ್ತಿ ಬಂಟ್ವಾಳಕ್ಕೆ ಹೋಗಿ ಬಂದವನಿಗೆ ಕೀ ಕೊಡ್ತೇನೆ. ಅಷ್ಟರವರೆಗೆ ಯಾರೂ ಕೇಳ್ಬೇಡಿ," ಎನ್ನುವುದು ಅವರ ಕಾನೂನು. (ನಮ್ಮ ಮಾತೆಲ್ಲ ತುಳುವಿನಲ್ಲಿ. ಕನ್ನಡಕ್ಕೆ ಇಳಿಸುವಾಗ ಮಾವನ ಗತ್ತು ಅರ್ಧ ಸೋರಿಹೋಗಿದೆ, ಉಳಿದರ್ಧವೇ ನಿಮಗೆ ಸಾಕಾಗಬಹುದು.)

ನಮ್ಮದು ಅಳಿಯಸಂತಾನದ ಮನೆ. ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುತ್ತದೆ, ಯಜಮಾನಿಕೆ ಗಂಡಿನ ಕೈಯಲ್ಲಿರುತ್ತದೆ. ಅಂದರೆ ಮನೆ ಅಮ್ಮನದ್ದು, ಮುಂದೆ ತಂಗಿ ವಾರಿಜಳದ್ದು. ಗತ್ತು ಮಾತ್ರ ಅಮ್ಮನ ತಮ್ಮನಾದ ಮಾವನದ್ದು, ಮುಂದೆ ನನ್ನದು. ಈ ಏರ್ಪಾಡು ನನಗೆ ಆಗ ಬಹಳ ನ್ಯಾಯವಾಗಿ ಕಾಣುತ್ತಿತ್ತು. ಆದರೆ ಗತ್ತು ನನ್ನ ಕೈಗೆ ಬರಬೇಕಾದರೆ ಮೊದಲು ಕೀ ಬರಬೇಕು, ಕೀ ಬರಬೇಕಾದರೆ ಕಾಲು ಬೇಕು. ಅದೇ ಇರಲಿಲ್ಲ.

ವಾರಿಜ ಶಿರ್ತಾಡಿಯ ಶಾಲೆಯಲ್ಲಿ ಟೀಚರು. ಮಂಗಳೂರಿನಲ್ಲಿ ಟ್ರೈನಿಂಗ್ ಮಾಡುವಾಗ ಗೆಳತಿಯ ಮನೆಯ ಕಾರಿನಲ್ಲಿ ಕಲಿತು ಲೈಸೆನ್ಸನ್ನೂ ತೆಗೆದುಕೊಂಡು ಬಂದಿದ್ದಳು. ಅದನ್ನು ಮಾವನ ಮುಂದೆ ಹಿಡಿದಾಗ ಅವರು ಫೋಟೋವನ್ನು ಮಾತ್ರ ನೋಡಿ, "ಚಂದ ಬಂದಿದೆ ಮಗಾ. ಆದ್ರೆ ಈ ಕ್ಲಚ್ಚು ಹೆಂಗಸರ ಕಾಲಿಗೆ ಹೇಳಿದ್ದಲ್ಲ," ಎಂದು ಹಿಂದಕ್ಕೆ ಕೊಟ್ಟರು. ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದೆ. ನನ್ನ ಕಾಲಿಗೂ ಹೇಳಿದ್ದಲ್ಲ ಎಂಬುದನ್ನು ಆ ಕ್ಷಣಕ್ಕೆ ಮರೆತಿದ್ದೆ. ನಾಲ್ಕು ವರ್ಷ ಅವಳು ಎರಡು ಬಸ್ಸು ಬದಲಿಸಿ, ಕಂಬಿ ಹಿಡಿದು ನಿಂತುಕೊಂಡೇ ಶಾಲೆಗೆ ಹೋದಳು. ಕಾರು ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ಮಲಗಿರುತ್ತಿತ್ತು.

ಹೀಗಿರುವಾಗ ಒಂದು ದಿನ ಮಾವ, "ಬೆಳ್ತಂಗಡಿಯಲ್ಲಿ ಜಾಗದ ಕೆಲಸ ಉಂಟು, ಹತ್ತು ದಿನ ಆಗ್ತದೆ," ಎಂದು ಬಸ್ಸಿನಲ್ಲಿ ಹೊರಟರು. ಮನೆಯಲ್ಲಿ ಕಾರಿದ್ದೂ ಬಸ್ಸು! ಜಾಗದ ಕೆಲಸವೂ ಇಲ್ಲ, ಗದ್ದೆಯ ಕೆಲಸವೂ ಇಲ್ಲ. ಎಡಮಂಡಿ ಊದಿತ್ತು, ಅಲ್ಲಿನ ಪಂಡಿತರ ಹತ್ತಿರ ಎಣ್ಣೆ ತಿಕ್ಕಿಸಿಕೊಳ್ಳಲು ಹೋದದ್ದು. ಇದು ಅಮ್ಮನಿಗೆ ಗೊತ್ತಿತ್ತು, ಅಮ್ಮನಿಂದ ನನಗೆ ಗೊತ್ತಾಯಿತು. ನನಗೆ ಕನಿಕರ ಆಗಬೇಕಿತ್ತು. ಆದದ್ದು ಸಂತೋಷ.

ಮರುದಿನವೇ ರಜೆ ಹಾಕಿ, ಮಾವ ಪೆಟ್ಟಿಗೆಯಲ್ಲಿ ಬಿಟ್ಟುಹೋಗಿದ್ದ ಕೀ ತೆಗೆದು, ಕಾರನ್ನು ಬಂಟ್ವಾಳಕ್ಕೆ ಹೊರಡಿಸಿದೆ. ಎಡಮಂಡಿಯ ಮೇಲೆ ಎರಡೂ ಕೈ ಊರಿ ಮೈಭಾರ ಬಿಟ್ಟರೆ ಕ್ಲಚ್ಚು ಇಳಿಯುತ್ತಿತ್ತು. ಆಗ ಸ್ಟಿಯರಿಂಗ್ ಹಿಡಿಯಲು ಕೈ ಇರುತ್ತಿರಲಿಲ್ಲ. ಸಿದ್ದಕಟ್ಟೆ ದಾಟುವುದರೊಳಗೆ ರಸ್ತೆಬದಿ ನೀರು ಹರಿಯುವ ಒಂದು ತೋಡು, ಎರಡು ಎಮ್ಮೆ ಮತ್ತು ಒಬ್ಬ ಪೋಸ್ಟ್‌ಮ್ಯಾನ್ ನನ್ನಿಂದ ಸ್ವಲ್ಪದರಲ್ಲಿ ಪಾರಾದರು. ಬಂಟ್ವಾಳದಲ್ಲಿ ಮೆಕ್ಯಾನಿಕ್ ಲಾದ್ರು ಪೊರ್ಬುಗಳ ಗ್ಯಾರೇಜಿನ ಎದುರು ಇಳಿಯುವಾಗ ನನ್ನ ಕಾಲು ನನ್ನದಾಗಿ ಉಳಿದಿರಲಿಲ್ಲ.

ಲಾದ್ರು ಪೊರ್ಬುಗಳು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವರು. ನಾನೋ, ಹತ್ತು ವರ್ಷದಿಂದ ಸನ್ನೆಗೋಲಿನ ಪಾಠ ಮಾಡುತ್ತಿರುವವನು. ಅವರು ಬಾಯಿ ತೆರೆಯುವ ಮೊದಲೇ ನೆಲದಲ್ಲಿ ಚಿತ್ರ ಬರೆದು ವಿವರಿಸಿದೆ: ಪೆಡಲಿನ ಕೆಳಗಿನ ಸರಳನ್ನು ಅರ್ಧ ಗೇಣು ಉದ್ದ ಮಾಡಿ, ತೋಳು ಉದ್ದವಾದಷ್ಟೂ ಭಾರ ಕಡಿಮೆ, ಇದು ಸಾವಿರಾರು ವರ್ಷದಿಂದ ಏತದಲ್ಲಿ ನೀರೆತ್ತುವವನಿಗೂ ಗೊತ್ತಿರುವ ವಿದ್ಯೆ, ನಿಮಗೆ ಇಷ್ಟು ಹೊಳೆಯಬಾರದೇ. ಅವರು ಬೀಡಿ ಕಚ್ಚಿಕೊಂಡು ಎಲ್ಲ ಕೇಳಿದರು. ಏನೋ ಹೇಳಲು ಹೊರಟು, ಬಿಟ್ಟು, "ಆಯ್ತು ಮಾಷ್ಟ್ರೇ," ಎಂದು ಬೆಸುಗೆ ಹಾಕಿ ಕೊಟ್ಟರು.

ಒತ್ತಿದೆ. ಆಹಾ, ಏನು ಸುಖ! ಪೆಡಲು ಸರಾಗವಾಗಿ ಇಳಿದು ನೆಲದ ಹಲಗೆಗೆ ಬಡಿದು ನಿಂತಿತು. ಗೇರು ಹಾಕಿದೆ. ಹಂದಿ ಕೂಗಿದ ಹಾಗೆ ಕೂಗಿತು. ಕ್ಲಚ್ಚು ಬಿಡಿಸಿಕೊಳ್ಳುವುದಕ್ಕೆ ಪೆಡಲು ಇನ್ನೂ ಮೂರು ಬೆರಳು ಇಳಿಯಬೇಕಿತ್ತು, ಅಷ್ಟರಲ್ಲಿ ಕಾರೇ ಮುಗಿದುಹೋಗಿತ್ತು. ಭಾರದಲ್ಲಿ ಲಾಭವಾದಷ್ಟು ದೂರದಲ್ಲಿ ನಷ್ಟವಾಗುತ್ತದೆ ಎಂಬುದು ಅದೇ ಪಾಠದ ಮುಂದಿನ ವಾಕ್ಯ. ಅದನ್ನು ಬಾಯಿಪಾಠ ಒಪ್ಪಿಸದ ಮಕ್ಕಳನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಆ ಗ್ಯಾರೇಜಿನಲ್ಲಿ ಒಂದು ಬೆಂಚು ಇತ್ತು. ಪುಣ್ಯಕ್ಕೆ ಯಾರೂ ಅದನ್ನು ತೋರಿಸಲಿಲ್ಲ.

"ಈಗ ನಾನು ಹೇಳ್ಬಹುದಾ ಮಾಷ್ಟ್ರೇ?" ಎಂದರು ಪೊರ್ಬುಗಳು. "ಒಳಗೆ ಇರುವುದು ಲಾರಿಯ ಸ್ಪ್ರಿಂಗು."

"ಲಾರಿಯದ್ದಾ? ಯಾವ ಮುಠ್ಠಾಳ ಹಾಕಿದ್ದು?"

"ನಾನೇ. ಹಳೆಯದ್ದು ಸಡಿಲ ಆಗಿತ್ತು. ಕಾರಿನದ್ದೇ ಹಾಕ್ಲಿಕ್ಕೆ ಹೊರಟೆ. ಧನಿಗಳು ಬೈದರು, ಇಷ್ಟು ಸಪೂರದ್ದು ಎಂತಕ್ಕೆ, ಇರುವುದರಲ್ಲಿ ಗಟ್ಟಿದ್ದು ಹಾಕು ಅಂತ. ಹಾಕಿದೆ."

"ಹಾಗಾದರೆ ನಾನು ಬಂದ ಕೂಡಲೇ ಹೇಳ್ಲಿಕ್ಕೆ ಏನಾಗಿತ್ತು ಮಾರಾಯ್ರೆ?"

"ನೀವು ಕಲಿತವರು ಚಿತ್ರ ಬರೀತಾ ಇದ್ದಿರಿ."

ನೋಡಿ, ನಮ್ಮ ಸೀಮೆಯ ಮರ್ಯಾದೆ ಎಂದರೆ ಇದು. ಧನಿಗಳು ತಪ್ಪು ಹೇಳಿದರೆ ತಪ್ಪನ್ನೇ ಗಟ್ಟಿಯಾಗಿ ಮಾಡಿಕೊಡುತ್ತಾರೆ, ಮಾಷ್ಟ್ರು ತಪ್ಪು ಹೇಳಿದರೆ ಅದರ ಮೇಲೆ ಬೆಸುಗೆ ಹಾಕಿಕೊಡುತ್ತಾರೆ. ಮಾವನಿಗೆ ಎಲ್ಲವೂ ಗಟ್ಟಿ ಬೇಕು. ಬಾಗಿಲಿನ ಅಗುಳಿ ಇಬ್ಬರು ಎತ್ತುವಂಥದ್ದು, ಊರುಗೋಲು ನೊಗದಷ್ಟು ದಪ್ಪ. ತಾನೇ ಹಾಕಿಸಿದ ಭಾರವನ್ನು ತಾನೇ ಒತ್ತಿ, ಮಂಡಿ ಹಾಳು ಮಾಡಿಕೊಂಡು, ಅದೇ ಮಂಡಿಯಿಂದ ನಮ್ಮೆಲ್ಲರ ಯೋಗ್ಯತೆಯನ್ನು ಅಳೆಯುತ್ತಿದ್ದರು. ನನಗೆ ಸಿಟ್ಟು ಬಂತು. ಸ್ಪ್ರಿಂಗು ತೆಗೆಸಿ ಕಾರಿನದ್ದೇ ಹಾಕಿಸಿದೆ, ಸರಳನ್ನು ಮೊದಲಿನ ಅಳತೆಗೆ ತರಿಸಿದೆ, ಕೀಲುಗಳಿಗೆ ಗ್ರೀಸು ಹಚ್ಚಿಸಿದೆ. ಪೆಡಲು ಈಗ ಹೆಬ್ಬೆರಳಿಗೆ ಇಳಿಯುತ್ತಿತ್ತು. ಯಾರಿಗೂ ಹೇಳಬೇಡಿ ಎಂದು ಪೊರ್ಬುಗಳಿಂದ ಮಾತು ತೆಗೆದುಕೊಂಡೆ.

ಮಾವ ಎಣ್ಣೆಯ ವಾಸನೆಯೊಂದಿಗೆ ಹಿಂದೆ ಬಂದರು. ಭಾನುವಾರ ನನ್ನ ಪರೀಕ್ಷೆ. ಅವರು ಪಕ್ಕದಲ್ಲಿ ಕೂತರು. ಒಂದು ತೊಂದರೆ ನನಗೆ ಆಗ ಹೊಳೆಯಿತು: ಸುಲಭವಾಗಿ ಒತ್ತಿದರೆ ಗುಟ್ಟು ರಟ್ಟಾಗುತ್ತದೆ. ಆದ್ದರಿಂದ ಹಲ್ಲು ಕಚ್ಚಿದೆ, ಕತ್ತಿನ ನರ ಉಬ್ಬಿಸಿದೆ, 'ಹೂಂ' ಎಂದೆ. ಬೆಳುವಾಯಿಯಿಂದ ಬಂಟ್ವಾಳಕ್ಕೆ ಎಷ್ಟು ಗೇರುಗಳೋ ಅಷ್ಟು ಹೂಂಕಾರ. ಹಿಂದೆ ಬರುವಾಗ ನಿಜವಾಗಿಯೂ ಗಂಟಲು ನೋಯುತ್ತಿತ್ತು. ಮನೆ ಮುಟ್ಟಿದಾಗ ಮಾವ ಭುಜ ತಟ್ಟಿ ಕೀ ಕೊಟ್ಟರು. ನನ್ನ ಕಣ್ಣು ತುಂಬಿ ಬಂತು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಬಂತು.

ಆಮೇಲೆ ಅವರೂ ಆಗಾಗ ಕಾರು ಬಿಡುತ್ತಿದ್ದರು. ಮೊದಲಿನ ಹಾಗೆಯೇ ಹಲ್ಲು ಕಚ್ಚಿ, ಮೊದಲಿನ ಹಾಗೆಯೇ ಗುಟುರು ಹಾಕಿ. ಪಾಪ, ಅಭ್ಯಾಸಬಲ, ಅವರಿಗೆ ಗೊತ್ತೇ ಆಗಿಲ್ಲ ಎಂದು ಒಳಗೊಳಗೆ ನಗುತ್ತಿದ್ದೆ.

ಒಂದು ತಿಂಗಳು ಕಳೆದಿರಬೇಕು. ಬೆಳ್ತಂಗಡಿಯಲ್ಲಿ ನೆಂಟರ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಮಾವ, ನಾನು, ಹಿಂದೆ ಅಮ್ಮ ಮತ್ತು ವಾರಿಜ. ವೇಣೂರಿನಲ್ಲಿ ಗಂಡಸರಿಬ್ಬರೂ ಚಹಾಕ್ಕೆ ಇಳಿದು ಹೋಟೆಲಿನ ಒಳಗೆ ಹೋದೆವು. ಕಾರನ್ನು ನಿಲ್ಲಿಸಿದ್ದು ನಾನು, ಸರಿಯಾಗಿ ರಸ್ತೆಗೆ ಅಡ್ಡ. ಹಿಂದಿನಿಂದ ಬಸ್ಸು ಬಂತು. ಹಾರ್ನು, ಕಂಡಕ್ಟರನ ಬೊಬ್ಬೆ. ನಾವು ಗ್ಲಾಸು ಹಿಡಿದುಕೊಂಡೇ ಹೊರಗೆ ಓಡಿ ಬಂದರೆ ಕಾರು ಹೊರಟುಹೋಗಿತ್ತು. ಮುಂದಿನ ತಿರುವಿನವರೆಗೆ ಹೋಗಿ, ಬಸ್ಸಿಗೆ ದಾರಿ ಬಿಟ್ಟು, ನಯವಾಗಿ ತಿರುಗಿಸಿಕೊಂಡು ಬಂದು ನಮ್ಮೆದುರು ನಿಂತಿತು. ಸ್ಟಿಯರಿಂಗಿನಲ್ಲಿ ವಾರಿಜ. ಒಂದು ಹೂಂಕಾರವಿಲ್ಲ.

"ಇದು ಬೆಣ್ಣೆಯ ಹಾಗೆ ಉಂಟಲ್ಲ ಅಣ್ಣಾ!" ಎಂದಳು, ನಿಜವಾದ ಆಶ್ಚರ್ಯದಿಂದ. "ಮತ್ತೆ ನೀವಿಬ್ಬರೂ ಒತ್ತುವಾಗ ಎಂತಕ್ಕೆ ನರಳುವುದು?"

ನಾನು ಮಾವನ ಮುಖ ನೋಡಿದೆ. ಮಾವ ಆಗಲೇ ನನ್ನ ಮುಖ ನೋಡುತ್ತಿದ್ದರು. ಅವರಿಗೆ ಮೊದಲ ದಿನವೇ ಗೊತ್ತಾಗಿತ್ತು! ಒಂದೇ ಕಾರಿನಲ್ಲಿ ಒಂದು ತಿಂಗಳು, ಹೆಬ್ಬೆರಳಿಗೆ ಇಳಿಯುವ ಪೆಡಲಿನ ಮೇಲೆ ನಾವಿಬ್ಬರು ಗಂಡಸರು ಪಾಳಿಯಲ್ಲಿ ನರಳಿದ್ದೆವು. ಹೋಟೆಲಿನವನು ನಗು ತಡೆಯಲಾರದೆ ಒಳಗೆ ಹೋದ.

"ಹಿಂದೆ ಕೂತುಕೊಳ್ಳಿ, ಹೊತ್ತಾಯ್ತು," ಎಂದಳು ವಾರಿಜ. ಕೂತೆವು. ನಡುವೆ ಅಮ್ಮ, ಆಚೆ ಈಚೆ ನಾವು. ಸ್ವಲ್ಪ ದೂರ ಹೋದ ಮೇಲೆ ಮಾವ ಅಮ್ಮನ ಹಿಂದಿನಿಂದ ಬಾಗಿ ಪಿಸುಗುಟ್ಟಿದರು: "ಸ್ಪ್ರಿಂಗು ಬದಲಿಸುವಾ ಅಂತ ಮೊದಲೇ ನನ್ನ ಹತ್ರ ಒಂದು ಮಾತು ಹೇಳ್ಬಾರದಿತ್ತಾ? ನನ್ನ ಮಂಡಿ ಎಂದೋ ಉಳೀತಿತ್ತು."

"ನನ್ನ ಗಂಟಲೂ," ಎಂದೆ.

"ನಿಮ್ಮಿಬ್ಬರ ಮಂಡಿ ಗಂಟಲು ಸಾಕು," ಎಂದಳು ವಾರಿಜ, ರಸ್ತೆಯಿಂದ ಕಣ್ಣು ತೆಗೆಯದೆ. "ನಾಲ್ಕು ವರ್ಷ ನಾನು ಬಸ್ಸಿನಲ್ಲಿ ನಿಂತ ಕಾಲನ್ನು ಯಾರಾದ್ರೂ ಕೇಳಿದ್ರಾ? ನಾಳೆಯಿಂದ ಶಾಲೆಗೆ ಕಾರಿನಲ್ಲೇ ಹೋಗ್ತೇನೆ."

ಅದು ಅಪ್ಪಣೆ ಕೇಳಿದ್ದಲ್ಲ. ನನಗೆ ತಲೆ ಎತ್ತಲಾಗಲಿಲ್ಲ. ಮಾವ ಯಜಮಾನರ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದರು. ಅಷ್ಟರಲ್ಲಿ, ಇಷ್ಟು ವರ್ಷ ಈ ಕಾರಿನ ವಿಷಯದಲ್ಲಿ ಒಂದು ಮಾತೂ ಆಡದಿದ್ದ ಅಮ್ಮ, ಮಡಿಲಿನ ಹೂವಿನ ಕಟ್ಟನ್ನು ಸರಿಪಡಿಸುತ್ತಾ, "ಹೋಗು ಮಗಾ," ಎಂದರು. ಮಾವನೂ ನಾನೂ ಕಾಲು ಮಡಚಿ, ಅಮ್ಮನಿಗೆ ಇನ್ನಷ್ಟು ಜಾಗ ಮಾಡಿಕೊಟ್ಟೆವು.